ಪ್ರೆವಿಟ್ ವಿಲ್ಲಾದ ಹೊಸ್ತಿಲು

ನೆರೆಮನೆಯ ಲತಾಶ್ರೀ ಹಿತ್ತಾಳೆಯ ಕುಂಕುಮ ಭರಣಿಯನ್ನು ಬೋರಲು ಹಿಡಿದು ಅಂಗೈ ಮೇಲೆ ಎರಡು ಸಲ ಕುಟ್ಟಿದಳು. ಏನೂ ಬೀಳಲಿಲ್ಲ. ಮುಚ್ಚಳದ ಅಂಚಿಗೆ ಅಂಟಿದ್ದ ಕೆಂಪನ್ನು ಉಗುರಿನಿಂದ ಕೆರೆದು ನೋಡಿದಳು. ಅದು ಇರುವೆಯ ಹಣೆಗೂ ಸಾಲುವಷ್ಟಿರಲಿಲ್ಲ.

"ಅಯ್ಯೋ ಸರಳಾ ಆಂಟಿ, ಏನಿದು? ಮುತ್ತೈದೆ ಭರಣಿ ಯಾವತ್ತಾದ್ರೂ ಖಾಲಿ ಇರತ್ತಾ?" ಎಂದು ಪೆಟ್ಟಿಗೆಯೊಳಗೆ ಮಲಗಿದ್ದವಳನ್ನೇ ಕೇಳಿದಳು.

ಸರಳಾ ಮಂಗಳವಾರ ಬೆಳಿಗ್ಗೆ ಕಾಫಿ ಸೋಸುತ್ತಾ ಅಡುಗೆಮನೆಯಲ್ಲಿ ಕುಸಿದಿದ್ದಳು. ಬುಧವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಹೋದಳು. ಎಪ್ಪತ್ತೆರಡು ವರ್ಷ. ಇವತ್ತು ಶುಕ್ರವಾರ, ಮಾರ್ಚ್ ಕೊನೆ. ಅಮೆರಿಕದ ಮಿಷಿಗನ್ನಿನಲ್ಲಿ, ವೆಸ್ಟ್ ಬ್ಲೂಮ್‌ಫೀಲ್ಡಿನ ಮನೆಯಿಂದ ನಾಲ್ಕು ಮೈಲಿ ದೂರದ ಫ್ಯೂನರಲ್ ಹೋಮಿನಲ್ಲಿ ಅವಳಿಗೆ ಹಸಿರು ರೇಷ್ಮೆ ಸೀರೆ ಉಡಿಸಿದ್ದರು. ಬಳೆ ಇತ್ತು, ಹೂವಿತ್ತು, ಅರಿಶಿನವೂ ಇತ್ತು. ಕುಂಕುಮ ಮಾತ್ರ ಇಲ್ಲ. ಬಂದ ಹೆಂಗಸರ ಕೈಚೀಲಗಳಲ್ಲೆಲ್ಲ ಹುಡುಕಿದರೆ ಸಿಕ್ಕಿದ್ದು ನಾಲ್ಕು ಹಾಳೆ ಸ್ಟಿಕರ್.

"ಸ್ಟಿಕರ್ ಬ್ಯಾಡ್ರಿ," ಎಂದ ಸಂಗಮೇಶ್. ಧಾರವಾಡದವನು. ಸರಳಾಳ ಗಂಡ ಚಂದ್ರಮೌಳಿಯ ಜೊತೆ ವಾರೆನ್ನಿನ ಕಾರು ಕಂಪನಿಯಲ್ಲಿ ಒಂದೇ ಸಾಲಿನ ಮೇಜಿನಲ್ಲಿ ಇಪ್ಪತ್ತು ವರ್ಷ ಕೂತು ರಿಟೈರ್ ಆದವನು. "ಮುತ್ತೈದಿ ಸಾವು ಅದ. ಆರ್ಚರ್ಡ್ ಲೇಕ್ ರೋಡಿನ ಅಂಗಡ್ಯಾಗ ಸಿಗ್ತದ. ಹಿಂಗ ಹೋಗಿ ಹಿಂಗ ಬರ್ತೀನಿ." ಕಾರಿನ ಬೀಗದ ಕೈ ಕುಲುಕುತ್ತಾ ಹೊರಟೇ ಬಿಟ್ಟ.

ಸರಳಾಳ ಮಗಳು ಇಂಚರ ಭರಣಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಷಿಕಾಗೋ ಪಕ್ಕದ ಎಲ್ಕ್ ಗ್ರೋವ್ ವಿಲೇಜಿನ ಡೇಟಾ ಸೆಂಟರಿನಲ್ಲಿ ಕೆಲಸ ಅವಳಿಗೆ. ಮಂಗಳವಾರವೇ ಐದು ಗಂಟೆ ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದಿದ್ದಳು. "ಅಪ್ಪಾ, ಅಮ್ಮ ಒಂದು ಚಿಟಿಕೆ ಕಮ್ಮಿಯಾದ್ರೂ ತುಂಬಿಡೋಳು. ಇದು ಅವಳ ಹ್ಯಾಂಡ್‌ಬ್ಯಾಗಲ್ಲಿ ಯಾಕಿತ್ತು? ಖಾಲಿ ಯಾಕಾಯ್ತು?"

"ನಂಗೇನ್ ಗೊತ್ತಮ್ಮಾ," ಎಂದ ಚಂದ್ರಮೌಳಿ.

ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಪಂಚೆಯ ಮೇಲೆ ಚಳಿಗಾಲದ ಕೋಟು ಹಾಕಿಕೊಂಡು, ಗೋಡೆಯ ಪಕ್ಕದ ಮೆತ್ತನೆ ಕುರ್ಚಿಯ ತುದಿಯಲ್ಲಿ ಕೂತು, ಹೆಂಡತಿಯ ಬರಿಯ ಹಣೆಯನ್ನೇ ನೋಡುತ್ತಿದ್ದ. ಆ ಭರಣಿ ಕಳೆದ ಶುಕ್ರವಾರ ಎಲ್ಲಿ ಖಾಲಿಯಾಯಿತು ಎನ್ನುವುದು ಈ ಲೋಕದಲ್ಲಿ ಇಬ್ಬರಿಗೆ ಗೊತ್ತಿತ್ತು. ಈಗ ಅವನೊಬ್ಬನಿಗೇ.

*

ಆ ಕತೆಗೆ ಹೊಸ್ತಿಲಿನಿಂದಲೇ ಹೊರಡಬೇಕು.

ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ಚಂದ್ರಮೌಳಿ ಮನೆ ಕೊಂಡ. ನಾಲ್ಕು ಬೆಡ್‌ರೂಮು, ಎರಡು ಕಾರಿನ ಗ್ಯಾರೇಜು, ಹಿಂದೆ ಮೇಪಲ್ ಮರ. ಗೃಹಪ್ರವೇಶಕ್ಕೆ ಅರವತ್ತು ಜನ ಬಂದಿದ್ದರು. ಅಕ್ಕಿ ತುಂಬಿದ ಸೇರನ್ನು ಬಲಗಾಲಲ್ಲಿ ಒದ್ದು ಒಳಗೆ ಹೋಗಬೇಕಾದ ಸರಳಾ, ಸೇರನ್ನು ಎಲ್ಲಿಡುವುದೆಂದು ಬಗ್ಗಿ ನೋಡಿದಳು. ಬಾಗಿಲಿನ ಬುಡದಲ್ಲಿ ಎರಡಂಗುಲದ ಅಲ್ಯೂಮಿನಿಯಂ ಪಟ್ಟಿ, ಅದರ ಬೆನ್ನ ಮೇಲೊಂದು ಕಪ್ಪು ರಬ್ಬರು.

"ರೀ, ಹೊಸ್ತಿಲೆಲ್ಲಿ?"

"ಅದೇ ಕಣೇ."

"ಇದಾ? ಇದು ಫ್ರಿಜ್ಜಿನ ಬಾಗಿಲಿದ್ದ ಹಾಗಿದೆ."

ಅರವತ್ತು ಜನವೂ ನಕ್ಕರು. ಚಂದ್ರಮೌಳಿಯೂ ನಕ್ಕ, ಆದರೆ ಮಾತು ಒಳಗೆಲ್ಲೋ ಹೋಗಿ ನಾಟಿಕೊಂಡಿತು. ಯಾಕೆಂದರೆ ಅವನ ಕೆಲಸವೇ ಬಾಗಿಲಿನ ರಬ್ಬರು. ವಾರೆನ್ನಿನಲ್ಲಿ ಇಪ್ಪತ್ತೊಂಬತ್ತು ವರ್ಷ ಅವನು ಮಾಡಿದ್ದು ಅದನ್ನೇ: ಕಾರಿನ ಬಾಗಿಲಿನ ಸುತ್ತ ಗಾಳಿ, ನೀರು, ಸದ್ದು ಒಳಗೆ ಬಾರದ ಹಾಗೆ ಕೂರುವ ರಬ್ಬರ್ ಪಟ್ಟಿಯ ವಿನ್ಯಾಸ. ಅಂಥವನ ಮನೆಯ ಬಾಗಿಲಿಗೇ ಹೆಂಡತಿ ಮೂಗು ಮುರಿದಿದ್ದಳು.

ಹಟಕ್ಕೆ ಬಿದ್ದು ಮೈಸೂರಿನಿಂದ ಬರುವ ಷಡ್ಡಕನ ಕೈಲಿ ತೇಗದ ಹಲಗೆ ತರಿಸಿದ. ಅಳತೆ ಮಾಡಿ, ಕೊಯ್ದು, ಉಜ್ಜಿ, ಬಾಗಿಲಿಗೆ ಅಡ್ಡ ಕೂರಿಸಿದ. ಸರಳಾ ಅರಿಶಿನ ಹಚ್ಚಿ ಕುಂಕುಮ ಇಟ್ಟಳು. ಆ ಸಂಜೆ ಅವಳ ಮುಖ ನೋಡಬೇಕಿತ್ತು. ಆದರೆ ಬಾಗಿಲು ಮುಚ್ಚಲಿಲ್ಲ. ಅರ್ಧ ಅಂಗುಲ ಸಂದಿ ಉಳಿಯಿತು. ಜನವರಿ, ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ನಾಲ್ಕು ದಿನ ಸಂದಿಗೆ ಟವೆಲ್ ತುರುಕಿದರು. ಐದನೆಯ ದಿನ ಸರಳಾ ತಾನೇ, "ಬಿಡಿ, ಮಗು ಕೆಮ್ತಾ ಇದೆ, ತೆಗೆದುಬಿಡಿ," ಎಂದಳು. ಹಲಗೆ ಗ್ಯಾರೇಜು ಸೇರಿತು. ಆಮೇಲೆ ಹೊಸ್ತಿಲಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಎತ್ತಿದ್ದು ಐದು ವರ್ಷ ಬಿಟ್ಟು, ಅವಳೇ. ಲೈಬ್ರರಿಯವರು ಬಸ್ಸು ಮಾಡಿಕೊಂಡು ಒಂದು ಹಳೇ ಬಂಗಲೆ ತೋರಿಸಲು ಕರೆದುಕೊಂಡು ಹೋಗಿದ್ದರು. ಬಂದವಳು ಚಪ್ಪಲಿ ಕೂಡ ಬಿಡದೆ, "ರೀ, ಹೊಸ್ತಿಲು ನೋಡಿದೆ," ಎಂದಳು.

ಪ್ರೆವಿಟ್ ವಿಲ್ಲಾ. ಹದಿನೆಂಟುನೂರ ಐವತ್ತಾರರಲ್ಲಿ ಜೋಸೆಫ್ ಪ್ರೆವಿಟ್ ಎಂಬ ಇಂಗ್ಲಿಷ್ ಬೀಜದ ವ್ಯಾಪಾರಿ ಕಟ್ಟಿಸಿದ್ದು. ಗ್ಲಾಸ್ಟರ್‌ಶೈರಿನಲ್ಲಿ ತಾನು ಹುಟ್ಟಿದ ಮನೆಯ ನಕಾಶೆಯನ್ನು ನೆನಪಿನಿಂದಲೇ ಬರೆದುಕೊಂಡು ಹಾಗೆಯೇ ಕಟ್ಟಿಸಿದನಂತೆ. ಸ್ಲೇಟು ಹೊದಿಸಿದ ಇಳಿಜಾರು ಸೂರು, ಮೇಲೆ ಎಂಟು ಹೊಗೆಗೂಡು, ಆಳೆತ್ತರದ ಕಿಟಕಿಗಳು, ಮುಂದೆ ಎರಕದ ಕಬ್ಬಿಣದ ಬಳ್ಳಿ ಹಬ್ಬಿದ ವೆರಾಂಡ. ಇಂಗ್ಲೆಂಡಿನ ಮಂದ ಬಿಸಿಲಿಗೆ ಹೊಂದುವ ಕಿಟಕಿಗಳು ಮಿಷಿಗನ್ನಿನ ಗಾಳಿಗೆ ಗಡಗಡ ನಡುಗಿದವು. ಎಂಟು ಕಡೆ ಬೆಂಕಿ ಹಾಕಿದರೂ ಮನೆ ಬೆಚ್ಚಗಾಗಲಿಲ್ಲ. ಅವನ ಹೆಂಡತಿ ಎಲೈಜಾ ಒಳಗೂ ಕೈಗವಸು ಹಾಕಿಕೊಂಡೇ ಓಡಾಡುತ್ತಿದ್ದಳಂತೆ. ಎಲ್ಲ ಇಲ್ಲಿನ ಇಟ್ಟಿಗೆ, ಇಲ್ಲಿನ ಮರ. ಒಂದು ಹೊಸ್ತಿಲ ಕಲ್ಲು ಮಾತ್ರ ಅಲ್ಲಿನದು. ಅಪ್ಪ ಸತ್ತು ಊರಿನ ಮನೆ ಮಾರಾಟವಾದಾಗ, ಆ ಕಲ್ಲೊಂದನ್ನು ಕೀಳಿಸಿ ಹಡಗಿನಲ್ಲಿ ತರಿಸಿಕೊಂಡಿದ್ದ.

"ಕಲ್ಲು ತರಿಸಿದಾನೆ ರೀ! ನಾಲ್ಕು ತಲೆಮಾರು ತುಳಿದು ನಡು ಬಟ್ಟಲಿನ ಹಾಗೆ ಸವೆದುಹೋಗಿದೆ. ಪಾಪ, ಅವನೂ ನಮ್ಮ ಹಾಗೇ."

"ನಮ್ಮ ಹಾಗೆ ಯಾಕಾಗ್ತಾನೆ? ಇನ್ನೂರು ವರ್ಷ ಅವರ ಚಾಕರಿ ಮಾಡಿದ್ದು ಸಾಲ್ದೂ ಅಂತ ಈಗ ಅವರ ಮನೆ ಧೂಳು ಬೇರೆ ಹೊಡೀಬೇಕಾ?" ಎಂದಿದ್ದ ಚಂದ್ರಮೌಳಿ.

ಸರಳಾ ವಾಲಂಟಿಯರ್ ಆಗಿ ಸೇರಿಯೇ ಬಿಟ್ಟಳು. ಪ್ರತಿ ಶುಕ್ರವಾರ ಬೀಗದ ಕೈ ಅವಳದು. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ತೆರೆಯುವುದು, ಬಂದವರಿಗೆ ಮನೆ ತೋರಿಸುವುದು, ಸಂಜೆ ಮುಚ್ಚುವುದು. ಸರ್ಕಾರದ ರಕ್ಷಣೆಯಲ್ಲಿದ್ದ ಮನೆ; ಒಂದು ಮೊಳೆ ಹೊಡೆಯಬೇಕಾದರೂ ಸಮಿತಿ ಸೇರಿ ಒಪ್ಪಬೇಕು. ಅಂಥ ಮನೆಯ ಹೊಸ್ತಿಲನ್ನು ಈ ಮಹರಾಯಿತಿ, ಯಾರೂ ಬರುವ ಮುಂಚೆ, ವಾರವಾರ ನೀರಿನಿಂದ ಒರೆಸಿ, ಅರಿಶಿನ ಹಚ್ಚಿ, ಎರಡೂ ತುದಿಗೆ ಕುಂಕುಮ ಇಟ್ಟು ಕೈ ಮುಗಿಯುತ್ತಿದ್ದಳು. ಹತ್ತು ಗಂಟೆಯೊಳಗೆ ಕುಂಕುಮ ಒರೆಸಿಬಿಡುತ್ತಿದ್ದಳು. ಅರಿಶಿನ ಒರೆಸಿದರೆ ಹೋಗುವ ಜಾತಿಯದಲ್ಲ. ಅದು ಕಲ್ಲಿನ ಒಳಗೆ ಇಳಿಯಿತು.

"ಒಂದ್ಸಲ ಬಂದು ನೋಡಿ," ಎನ್ನುತ್ತಿದ್ದಳು.

"ನೋಡೋಣ," ಎನ್ನುತ್ತಿದ್ದ.

ಇಪ್ಪತ್ತೆರಡು ವರ್ಷ ಹಾಗೇ ಎಂದ. ಮನೆಯಿಂದ ಹದಿನಾಲ್ಕು ಮೈಲಿ.

*

ಸಂಗಮೇಶ್ ಕುಂಕುಮ ತಂದ. ಲತಾಶ್ರೀ ಸರಳಾಳ ಹಣೆಗೆ ಕಾಸಿನಗಲ, ದುಂಡಗೆ ಇಟ್ಟಳು. "ಈಗ ನೋಡಿ, ಲಕ್ಷ್ಮಿ ಹಾಗಿದ್ದಾರೆ," ಎಂದು ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ವಿಲ್ಲಾದವರು ಬಂದರು. ಎಂಟು ಜನ, ಎಲ್ಲ ಬಿಳಿ ತಲೆಗಳು, ಕಪ್ಪು ಕೋಟು. ಮುಂದೆ ಡಾರ್ಲೀನ್, ಮನೆಯ ಮೇಲ್ವಿಚಾರಣೆಯೆಲ್ಲ ಅವಳದು. ಕೋಣೆಯ ಬಾಗಿಲಿಗೆ ಬಂದವಳು, ಅಲ್ಲೇನೋ ಅಡ್ಡವಿದೆ ಎನ್ನುವಂತೆ ಬಲಗಾಲನ್ನು ಎತ್ತಿ ಒಳಗಿಟ್ಟಳು. ಹಿಂದಿದ್ದ ಮುದುಕನೂ ಕಾಲೆತ್ತಿ ಇಟ್ಟ. ಊರುಗೋಲಿನ ಹೆಂಗಸು ಮೊದಲು ಕೋಲು ದಾಟಿಸಿ ಆಮೇಲೆ ಕಾಲು ದಾಟಿಸಿದಳು. ಎಂಟೂ ಜನ ಹಾಗೇ.

"ಇದೇನಂಕಲ್, ಎಲ್ರೂ ಕಾಲೆತ್ತೆತ್ತಿ ಇಡ್ತಿದಾರೆ?" ಲತಾಶ್ರೀ ಪಿಸುಗುಟ್ಟಿದಳು. "ಕಾರ್ಪೆಟ್ ಮೇಲೇನಾದ್ರೂ ಬಿದ್ದಿದೆಯಾ?"

ಏನೂ ಬಿದ್ದಿರಲಿಲ್ಲ. ಹೊಸ್ತಿಲು ತುಳಿಯಬಾರದು, ದಾಟಬೇಕು ಎಂದು ಸರಳಾ ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಕಲಿಸಿದ್ದಳು. ಕಲ್ಲು ಸವೆಯುತ್ತದೆ ಎಂದು ಕಾರಣ ಕೊಟ್ಟಿದ್ದಳು. ಅವರಿಗೆ ಅದು ಕಾಲಿಗೇ ಹತ್ತಿಬಿಟ್ಟಿತ್ತು. ತನ್ನ ಮನೆಯಲ್ಲಿ ಇಡಲಾಗದ ಹೊಸ್ತಿಲನ್ನು ಅವಳು ಈ ಅಮೆರಿಕದವರ ಕಾಲಿನಲ್ಲಿ ಇಟ್ಟುಬಿಟ್ಟಿದ್ದಳಲ್ಲ!

ಡಾರ್ಲೀನ್ ಅವನ ಎರಡೂ ಕೈ ಹಿಡಿದುಕೊಂಡಳು. "ನಿಮ್ಮನ್ನು ಇವತ್ತೇ ನೋಡುತ್ತಿರುವುದು. ಸರಳಾ ಯಾವಾಗಲೂ ಹೇಳುತ್ತಿದ್ದಳು, ಮುಂದಿನ ವಾರ ಕರೆದುಕೊಂಡು ಬರ್ತೀನಿ ಅಂತ," ಎಂದಳು ಇಂಗ್ಲಿಷಿನಲ್ಲಿ. ಆಮೇಲೆ ಮಡಿಚಿದ ಹಾಳೆ ತೆಗೆದಳು. "ಎರಡು ಮಾತು ಆಡಬೇಕೆಂದಿದ್ದೇನೆ. ನೀವು ಮೊದಲು ಕೇಳಿ, ತಪ್ಪಿದ್ದರೆ ಹೇಳಿ."

ತಗ್ಗಿದ ದನಿಯಲ್ಲಿ ಓದಿದಳು. ಸರಳಾಳ ನಗು, ಶಾಲಾ ಮಕ್ಕಳಿಗೆ ಆಳುಗಳನ್ನು ಕರೆಯುವ ಅಡುಗೆಮನೆಯ ಗಂಟೆಗಳನ್ನು ಬಾರಿಸಿ ತೋರಿಸುತ್ತಿದ್ದುದು, ಹಳೇ ಮೆಟ್ಟಿಲನ್ನು ಮರದ ಕಟಾಂಜನ ಸವರಿಕೊಂಡೇ ಹತ್ತುತ್ತಿದ್ದುದು. ಕೊನೆಗೆ: "ಎಲೈಜಾ ಪ್ರೆವಿಟ್ ತವರಿನ ನೆನಪಿಗೆ ತನ್ನ ಕೈಯಾರೆ ಹಳದಿ ಬಳಿಯುತ್ತಿದ್ದ ಹೊಸ್ತಿಲನ್ನು ಸರಳಾಳಷ್ಟು ಪ್ರೀತಿಸಿದವರು ಬೇರೆ ಇಲ್ಲ. ಸೋಮವಾರ ನಾವು ಆ ಕಲ್ಲನ್ನು ತೊಳೆದು, ಎಲೈಜಾಳ ಅದೇ ಹಳದಿಯನ್ನು ಶಾಶ್ವತವಾಗಿ ಬಳಿಸಲಿದ್ದೇವೆ. ನೋಡಲು ಸರಳಾ ಇಲ್ಲ."

ಚಂದ್ರಮೌಳಿ ಹಾಳೆಯನ್ನೇ ನೋಡುತ್ತಾ ನಿಂತ.

"ಸರಿ ಇದೆಯಾ?" ಎಂದಳು ಡಾರ್ಲೀನ್.

"ಐದು ನಿಮಿಷ," ಎಂದ ಅವನು.

*

ಆರು ವರ್ಷದ ಹಿಂದೆ ಸಮಿತಿಯವರು ಷಿಕಾಗೋದಿಂದ ಒಬ್ಬ ತಜ್ಞನನ್ನು ಕರೆಸಿದ್ದರು. ಅವನು ಮೂರು ದಿನ ಮನೆಯ ಮೂಲೆ ಮೂಲೆ ಕೆರೆದ. ಗೋಡೆಯ ಹನ್ನೊಂದು ಪದರ ಬಣ್ಣ ಎಣಿಸಿದ. ಕೊನೆಗೆ ಹೊಸ್ತಿಲ ಮುಂದೆ ಮಂಡಿಯೂರಿ, ಭೂತಗನ್ನಡಿ ಹಿಡಿದು, ಕಲ್ಲಿನ ಕಣಕಣದಲ್ಲೂ ಹಳದಿ ಕಂಡು ಕುಣಿದಾಡಿಬಿಟ್ಟ. ಇಂಗ್ಲೆಂಡಿನ ಹೆಂಗಸರು ಬಾಗಿಲ ಮೆಟ್ಟಿಲಿಗೆ ಬಣ್ಣದ ಕಲ್ಲು ಉಜ್ಜುವ ಪದ್ಧತಿಯಿತ್ತು, ಇದು ಅದೇ, ಎಲೈಜಾಳ ಕೈಕೆಲಸ ಎಂದು ಎರಡು ಪುಟ ವರದಿ ಬರೆದ. ಒಂದು ಚೂರನ್ನು ಲ್ಯಾಬಿಗೆ ಕಳಿಸಿದ್ದರೆ ಬಂಡವಾಳ ಬಯಲಾಗುತ್ತಿತ್ತು. ಕಳಿಸಲಿಲ್ಲ. ಪಂಡಿತರಿಗೆ ಒಂದು ಸಲ ಖಾತ್ರಿಯಾಯಿತೆಂದರೆ ಮುಗಿಯಿತು.

ಅವತ್ತು ಮನೆಗೆ ಬಂದ ಸರಳಾ ಸೋಫಾದ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕಳು. "ರೀ, ನಮ್ಮ ಅರಿಶಿನಕ್ಕೆ ನೂರ ಅರವತ್ತು ವರ್ಷ ವಯಸ್ಸಂತೆ!" ನಗುತ್ತಾ ನಗುತ್ತಾ ಅಳುವಿಗೆ ತಿರುಗಿತು. "ಹೇಳಿಬಿಡ್ಲಾ? ಹೇಳಿದ್ರೆ ಬೀಗದ ಕೈ ಕಿತ್ಕೋತಾರೆ. ಪಾಪ, ಅವನ ವರದೀನೂ ಹಾಳು. ಹೇಳದಿದ್ರೆ ಮೋಸ."

"ಅದಕ್ಕೇ ಹೇಳಿದ್ದು, ಊರ ಉಸಾಬರಿ ಬೇಡ ಅಂತ," ಎಂದ ಚಂದ್ರಮೌಳಿ.

ಅತ್ತ ದರಿ ಇತ್ತ ಪುಲಿ. ಒಂದು ಶುಕ್ರವಾರ ಅರಿಶಿನ ಹಚ್ಚದೆ ಬಂದಳು. ಮಧ್ಯಾಹ್ನ ಊಟ ಸೇರಲಿಲ್ಲ. ಮುಂದಿನ ವಾರ ಮತ್ತೆ ಹಚ್ಚಿದಳು. ಬಂದವರಿಗೆ ಎಲೈಜಾಳ ಹೆಸರು ಮಾತ್ರ ಅವಳು ಹೇಳುತ್ತಿರಲಿಲ್ಲ. "ತವರು ಬಿಟ್ಟು ದೂರ ಬಂದ ಒಬ್ಬ ಹೆಂಗಸು ಈ ಹೊಸ್ತಿಲನ್ನು ಹಳದಿ ಮಾಡುತ್ತಿದ್ದಳು. ತುಳಿಯಬೇಡಿ, ದಾಟಿ ಬನ್ನಿ," ಎನ್ನುತ್ತಿದ್ದಳಂತೆ.

"ಅದರಲ್ಲಿ ಸುಳ್ಳೇನಿದೆ ಹೇಳಿ?" ಎಂದು ಅವನನ್ನು ಕೇಳಿದ್ದಳು. ಆಮೇಲೆ, "ನಾನಿರೋವರೆಗೂ ಬಾಯಿಬಿಡಬೇಡಿ. ಆಮೇಲೆ ನಿಮ್ಮಿಷ್ಟ," ಎಂದಿದ್ದಳು. ಆಮೇಲೆ ಎನ್ನುವುದು ಬರುತ್ತದೆಂದು ಯಾರಿಗೆ ಗೊತ್ತಿತ್ತು?

*

ಹೊರಗಿನ ಪ್ಯಾಸೇಜಿನಲ್ಲಿ, ಕಾಫಿ ಮೆಷಿನ್ನಿನ ಪಕ್ಕ, ಇಂಚರ ಮತ್ತು ಸಂಗಮೇಶನಿಗೆ ಚಂದ್ರಮೌಳಿ ಇಷ್ಟನ್ನೂ ಹೇಳಿ ಮುಗಿಸಿದ.

ಇಂಚರ ಗೋಡೆಗೆ ಒರಗಿಕೊಂಡಳು. "ಅಮ್ಮ? ನಮ್ಮಮ್ಮ ಇದನ್ನೆಲ್ಲ ಮಾಡಿದ್ಲಾ? ನಂಗೆ ಲೈಬ್ರರಿ ಬುಕ್ ಒಂದಿನ ಲೇಟಾದ್ರೆ ಬಯ್ಯೋಳು!"

"ಈಗ ಅದನ್ನ ಅವರಿಗೆ ಹೇಳ್ಬೇಕು ಅಂತಿದೀನಿ."

"ಅಪ್ಪಾ, ನಾಟ್ ಟುಡೇ. ಪ್ಲೀಸ್. ಅಮ್ಮನ್ನ ಅಷ್ಟು ಹೊಗಳೋಕೆ ಬಂದಿದಾರೆ."

"ಖರೇ ಅದ," ಎಂದ ಸಂಗಮೇಶ್. "ಸುಮ್ನಿದ್ರ ಯಾರ ಗಂಟು ಹೋಗ್ತದ್ರೀ ಸರ? ಅಕ್ಕಾರ ಹೆಸರು ಬಂಗಾರದಂಗ ಅದ. ಕಡೀ ದಿನ ಅದಕ್ಕ ಮಸಿ ಯಾಕ ಬಳೀತೀರಿ? ಇನ್ನ ಹೇಳಿದ್ರ ಅವರು ಆ ಅರಿಶಿಣಾನೂ ತೊಳದ ಒಗೀತಾರ. ಹೇಳಲಿಲ್ಲಂದ್ರ ಹಳದಿ ಆದ್ರೂ ಉಳೀತದ."

"ಯಾರ ಹಳದಿ ಉಳಿಯತ್ತೆ ಸಂಗಮೇಶ?" ಚಂದ್ರಮೌಳಿಯ ದನಿ ಏರಿತು. "ಆ ಎಲೈಜಾಂದು! ನಲವತ್ತೇಳು ವರ್ಷ ಸಂಸಾರ ಮಾಡಿದೀನಿ. ಅವಳು ಕೇಳಿದ್ದು ಒಂದು ಹೊಸ್ತಿಲು. ನಂಗೆ ಇಡಕ್ಕಾಗ್ಲಿಲ್ಲ. ಅವಳೇ ಹುಡುಕ್ಕೊಂಡ್ಲು, ಅವಳೇ ಹಚ್ಚಿದ್ಲು. ಅದನ್ನೂ ಇನ್ನೊಬ್ಬಳ ಹೆಸರಿಗೆ ಬರೆದು, ಅವಳ ಹೆಣದ ಮುಂದೇನೇ ಓದ್ತಾರಲ್ಲ, ಅದನ್ನ ಕೇಳ್ಕೊಂಡು ಕೈ ಕಟ್ಟಿ ನಿಂತ್ಕೋಬೇಕಾ ನಾನು?"

ಕಾಫಿ ಮೆಷಿನ್ನು ಗುರ್ ಎಂದು ಸುಮ್ಮನಾಯಿತು. ಇಂಚರ ಅಪ್ಪನ ಕೋಟಿನ ಮೇಲಿನ ಗುಂಡಿ ಹಾಕಿ, "ನಾನೂ ಬರ್ತೀನಿ. ನೀನು ಇಂಗ್ಲಿಷಲ್ಲಿ ಟೆನ್ಷನ್ ಆದ್ರೆ ಫಾಸ್ಟ್ ಆಗಿ ಮಾತಾಡ್ತೀಯ, ಅವರಿಗೆ ಅರ್ಥ ಆಗಲ್ಲ," ಎಂದಳು.

ಡಾರ್ಲೀನ್ ಮೊದಲು ನಿಂತೇ ಎಲ್ಲ ಕೇಳಿಸಿಕೊಂಡಳು, ಆಮೇಲೆ ಕೂತಳು. ಅರಿಶಿನ ಎಂದರೆ ಏನು ಎಂದು ಕೇಳಿದಾಗ ಲತಾಶ್ರೀ ಪೊಟ್ಟಣ ಬಿಚ್ಚಿ ತೋರಿಸಿದಳು. ಡಾರ್ಲೀನ್ ಬೆರಳಿನಿಂದ ಮುಟ್ಟಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದಳು. ಮುಖ ಕೆಂಪಾಗಿತ್ತು. ಸಿಟ್ಟೋ, ನಾಚಿಕೆಯೋ.

"ಆರು ವರ್ಷ," ಎಂದಳು ಕೊನೆಗೆ. "ಆರು ವರ್ಷದಿಂದ ನಾನು ಶಾಲಾ ಮಕ್ಕಳಿಗೆ ಎಲೈಜಾಳ ಕತೆ ಹೇಳುತ್ತಿದ್ದೇನೆ. ಸರಳಾ ಪಕ್ಕದಲ್ಲೇ ನಿಂತಿರುತ್ತಿದ್ದಳು."

"ಅವಳ ಪರವಾಗಿ ನಾನು ಕ್ಷಮೆ ಕೇಳುತ್ತೇನೆ," ಎಂದ ಚಂದ್ರಮೌಳಿ.

"ನನಗೆ ಹೇಳಬಹುದಿತ್ತಲ್ಲ ಅವಳು? ನನಗೆ ಅದೇ ಬೇಜಾರು." ಡಾರ್ಲೀನ್ ಪೆಟ್ಟಿಗೆಯ ಕಡೆ ನೋಡಿದಳು. ಹಾಳೆಯನ್ನು ನಾಲ್ಕಾಗಿ ಮಡಿಚಿ ಚೀಲಕ್ಕೆ ಹಾಕಿದಳು. "ಬಣ್ಣ ಬಳಿಯುವುದನ್ನು ನಿಲ್ಲಿಸುತ್ತೇನೆ. ಆದರೆ ಇದು ಗೊತ್ತಾದ ಮೇಲೆ ಕಲ್ಲನ್ನು ತೊಳೆಸದೆ ಬಿಡುವ ಹಾಗಿಲ್ಲ. ನಿಯಮ. ಸೋಮವಾರ ಆ ಹಳದಿ ಹೋಗುತ್ತದೆ."

ಗೊತ್ತಿದ್ದ ಮಾತೇ. ಆದರೂ ಕೇಳಿದಾಗ, ಹೇಳಬಾರದಿತ್ತೇನೋ, ಸಂಗಮೇಶನ ಮಾತೇ ಸರಿಯಿತ್ತೇನೋ ಎನಿಸಿತು.

"ಹಾಗಾದರೆ ನಾನು ಅದನ್ನು ಇವತ್ತೇ ನೋಡಬೇಕು," ಎಂದ. "ಅವಳ ಜೊತೆ."

ಡಾರ್ಲೀನ್ ಆಮೇಲೆ ಎದ್ದು ಮಾತಾಡಿದಳು. ಹಾಳೆ ನೋಡಲಿಲ್ಲ. ಹೊಸ್ತಿಲಿನ ಸುದ್ದಿ ಎತ್ತಲಿಲ್ಲ. "ಸರಳಾ ನಮಗೆ ಕಾಲೆತ್ತಿ ನಡೆಯುವುದನ್ನು ಕಲಿಸಿದಳು," ಎಂದಷ್ಟೇ ಹೇಳಿ, ಮುಂದೆ ಆಗದೆ ಕೂತುಬಿಟ್ಟಳು.

*

ಕ್ರಿಮೇಷನ್ನಿಗೆ ಒಂದೂವರೆಗೆ ಸ್ಲಾಟ್ ಇತ್ತು. ಫ್ಯೂನರಲ್ ಹೋಮಿನ ಮಿಸ್ಟರ್ ಕೋಲ್ ಗಡಿಯಾರ ನೋಡಿ, "ವಿಲ್ಲಾದ ಮುಂದೆ ಹತ್ತು ನಿಮಿಷ ನಿಲ್ಲಿಸಬಹುದು, ಹನ್ನೊಂದಲ್ಲ," ಎಂದ. ಕಪ್ಪು ವ್ಯಾನು ಮುಂದೆ, ಇಂಚರಳ ಕಾರು ಹಿಂದೆ, ಅದರ ಹಿಂದೆ ಡಾರ್ಲೀನ್. ರಸ್ತೆಯ ಇಕ್ಕೆಲದಲ್ಲಿ, ಹಿಮ ಕರಗಿಸಲು ಎರಚಿದ ಉಪ್ಪಿಗೆ ಕರಗಿ ಕಪ್ಪಾದ ಹಿಮದ ಗುಡ್ಡೆಗಳು. ದಾರಿ ಇಪ್ಪತ್ತೆರಡು ನಿಮಿಷಕ್ಕೆ ಮುಗಿದುಹೋಯಿತು. ಇಷ್ಟೇನಾ ದೂರ ಎಂದುಕೊಂಡ ಚಂದ್ರಮೌಳಿ.

ಮನೆ ಅವಳು ಹೇಳಿದ ಹಾಗೇ ಇತ್ತು. ಅವನಿಗೆ ಆಶ್ಚರ್ಯವಾದದ್ದು ಅದಕ್ಕೇ. ಊಟದ ಹೊತ್ತಿನಲ್ಲಿ ಟಿವಿ ನೋಡುತ್ತಾ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡದ್ದೆಲ್ಲ ಎದುರಿಗೆ ನಿಂತಿತ್ತು. ಎಂಟು ಹೊಗೆಗೂಡು ಎಣಿಸಿದ. ಕಬ್ಬಿಣದ ಬಳ್ಳಿಯಲ್ಲಿ ಒಂದು ಎಲೆ ಮುರಿದಿದೆ ಎಂದಿದ್ದಳು. ಎಡಗಡೆ ಮೂರನೆಯ ಕಂಬದಲ್ಲಿ ಅದೂ ಸಿಕ್ಕಿತು.

ವ್ಯಾನಿನ ಹಿಂಬಾಗಿಲನ್ನು ಮನೆಯ ಕಡೆಗೆ ತಿರುಗಿಸಿ ತೆರೆದರು. ಡಾರ್ಲೀನ್ ಕಬ್ಬಿಣದ ಬೀಗದ ಕೈಯಿಂದ ದೊಡ್ಡ ಬಾಗಿಲು ತೆಗೆದು, ಕಾಲೆತ್ತಿ ದಾಟಿ ಒಳಗೆ ನಿಂತಳು. "ಬನ್ನಿ," ಎಂದಳು.

"ಇಲ್ಲ," ಎಂದ ಚಂದ್ರಮೌಳಿ. "ಸೂತಕ. ಇವತ್ತು ನಾನು ಬೇರೆಯವರ ಮನೆಯ ಹೊಸ್ತಿಲು ದಾಟುವ ಹಾಗಿಲ್ಲ."

ಇಪ್ಪತ್ತೆರಡು ವರ್ಷ ಕರೆದಾಗ ಬರಲಿಲ್ಲ. ಇವತ್ತು ಬಂದ, ಒಳಗೆ ಹೋಗುವ ಹಾಗಿಲ್ಲ.

ಅವನು ಹೊರಗಿನ ಮೆಟ್ಟಿಲ ಮೇಲೆ ಒಂದು ಕೈ ಊರಿ ಮಂಡಿಯೂರಿ ಕೂತ. ಕೆನೆ ಬಣ್ಣದ ಕಲ್ಲು, ನಡುವೆ ಸವೆದ ತಗ್ಗು. ಎರಡೂ ತುದಿಗೆ ಹಳದಿ ದಟ್ಟವಾಗಿತ್ತು, ನಡುವೆ ತೆಳು. ಅವಳ ಮೂರು ಬೆರಳು ಎಡದಿಂದ ಬಲಕ್ಕೆ ಎಳೆದ ಗೆರೆಗಳು ಕೂಡ ಕಾಣುತ್ತಿದ್ದವು. ಬಲತುದಿಯಲ್ಲಿ ಒಂದು, ಎಡತುದಿಯಲ್ಲಿ ಒಂದು, ಎರಡು ಕುಂಕುಮದ ಬೊಟ್ಟು ಹಾಗೇ ಇದ್ದವು.

ಒರೆಸಿರಲಿಲ್ಲ. ಕಳೆದ ಶುಕ್ರವಾರ ಮನೆಗೆ ಬಂದು, "ಯಾಕೋ ಒಂದು ಸಲ ಬಗ್ಗಿ ಎದ್ದೆ, ಇನ್ನೊಂದು ಸಲ ಬಗ್ಗಕ್ಕಾಗ್ಲಿಲ್ಲ ರೀ, ಕಣ್ಣು ಕತ್ತಲೆ ಬಂತು. ಭರಣೀಲಿದ್ದ ಕುಂಕುಮಾನೂ ಅಲ್ಲೇ ಮುಗೀತು," ಎಂದಿದ್ದಳು. "ಬಿಪಿ ಮಾತ್ರೆ ತಗೊಂಡ್ಯಾ?" ಎಂದು ಕೇಳಿ ಅವನು ಸುದ್ದಿ ನೋಡಲು ಹೋಗಿದ್ದ. ಶನಿವಾರ, ಭಾನುವಾರ ಎಷ್ಟು ಜನ ಈ ಬಾಗಿಲಲ್ಲಿ ಬಂದು ಹೋಗಿದ್ದರೋ. ಒಬ್ಬರೂ ತುಳಿದಿರಲಿಲ್ಲ.

"ಸರಳಾ," ಎಂದ. ಕಲ್ಲಿಗೆ ಹೇಳಿದನೋ, ಹಿಂದೆ ವ್ಯಾನಿನಲ್ಲಿದ್ದವಳಿಗೋ. "ಬಂದೆ ಕಣೇ. ನೋಡಿದೆ. ಚೆನ್ನಾಗಿದೆ."

ಇಂಚರ ಅಪ್ಪನ ಬೆನ್ನ ಮೇಲೆ ಕೈಯಿಟ್ಟು ಬಿಕ್ಕಿದಳು. ಒಳಗಿದ್ದ ಡಾರ್ಲೀನ್ ಚೀಲದಿಂದ ಪುಟ್ಟ ಅಳತೆಪಟ್ಟಿ ತೆಗೆದು ಹೊಸ್ತಿಲ ಪಕ್ಕ ಇಟ್ಟು ಫೋಟೋ ತೆಗೆದುಕೊಂಡಳು, 'ನಿಯಮ' ಎಂಬಂತೆ ತಲೆಯಾಡಿಸುತ್ತಾ. ಆಮೇಲೆ ನೋಟ್‌ಬುಕ್ ತೆರೆದಳು. "ಯಾವ ವರ್ಷದಿಂದ?"

"ಎರಡು ಸಾವಿರದ ಮೂರು," ಎಂದ.

ಬರೆದುಕೊಂಡಳು. "ಅವಳ ಪೂರ್ತಿ ಹೆಸರು?"

"ಸರಳಾ ಚಂದ್ರಮೌಳಿ," ಎಂದಳು ಇಂಚರ. ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

ಮಿಸ್ಟರ್ ಕೋಲ್ ದೂರದಿಂದ ಕೆಮ್ಮಿದ. ಚಂದ್ರಮೌಳಿ ಬಲಗೈಯ ಉಂಗುರದ ಬೆರಳನ್ನು ಬಲತುದಿಯ ಬೊಟ್ಟಿನ ಮೇಲೆ ಒತ್ತಿ, ಮೆಲ್ಲಗೆ ತಿರುಗಿಸಿ ಎತ್ತಿದ. ಬೆರಳ ತುದಿ ಕೆಂಪಾಗಿ ಬಂತು. ಎಡತುದಿಯದನ್ನು ಮುಟ್ಟಲಿಲ್ಲ.

"ಏಳಕ್ಕೆ ಕೈ ಕೊಡು," ಎಂದ ಮಗಳಿಗೆ. "ಈ ಕೈ ಅಲ್ಲ, ಆ ಕೈ."

ಅಲ್ಲಿಂದ ಕ್ರಿಮಟೋರಿಯಮ್ಮಿಗೆ ಹನ್ನೊಂದು ಮೈಲಿ. ಚಂದ್ರಮೌಳಿ ಮುಂದಿನ ಸೀಟಿನಲ್ಲಿ ಆ ಬೆರಳನ್ನು ನೆಟ್ಟಗೆ ಎತ್ತಿ ಹಿಡಿದುಕೊಂಡೇ ಕೂತಿದ್ದ, ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ. ಸೀಟ್‌ಬೆಲ್ಟನ್ನು ಇಂಚರಳೇ ಹಾಕಿದಳು. ನೀರಿನ ಬಾಟಲಿಯ ಮುಚ್ಚಳವನ್ನೂ ಅವಳೇ ತೆಗೆದುಕೊಟ್ಟಳು, ಎಡಗೈಯಲ್ಲಿ ಕುಡಿದ. ಹಿಂದಿನ ಸೀಟಿನಲ್ಲಿದ್ದ ಸಂಗಮೇಶ್, "ಸರ, ಕೈ ಸೋಲ್ತದ, ನಾ ಹಿಡಕೋಲೇನು?" ಎಂದ. ಚಂದ್ರಮೌಳಿ ಬೇಡವೆಂದು ತಲೆಯಾಡಿಸಿದ. ಕೆಂಪು ದೀಪದಲ್ಲಿ ಪಕ್ಕದ ಲೇನಿನ ಟ್ರಕ್ಕಿನವನು ಬಗ್ಗಿ ಆ ಬೆರಳನ್ನು ನೋಡಿದ.

ಒಂದೂವರೆಗೆ ನಾಲ್ಕು ನಿಮಿಷವಿತ್ತು. ಮಿಸ್ಟರ್ ಕೋಲ್ ಕೊನೆಯ ಸಲ ಮುಚ್ಚಳ ತೆರೆದು ಪಕ್ಕಕ್ಕೆ ಸರಿದ. ಹಣೆಯ ನಡುವೆ ಅಂಗಡಿಯ ಕುಂಕುಮ ದುಂಡಗೆ, ಅಚ್ಚುಕಟ್ಟಾಗಿ ಕೂತಿತ್ತು. ಅದರ ಕೆಳಗೆ, ಹುಬ್ಬುಗಳ ಸಂದಿಯಲ್ಲಿ, ಚಂದ್ರಮೌಳಿ ಬೆರಳನ್ನು ಒತ್ತಿದ. ಸ್ವಲ್ಪ ಸೊಟ್ಟಗೆ ಬಿತ್ತು. ಒಂದು ವಾರದ ಹಿಂದಿನದು, ಬಣ್ಣ ಮಾಸಿತ್ತು. ಅಂಚಿಗೆ ಹಳದಿ ಹತ್ತಿತ್ತು. ಅದರೊಳಗೆ ಸೇರಿಕೊಂಡಿದ್ದ ಕಲ್ಲಿನ ಪುಡಿ ದೀಪಕ್ಕೆ ಒಮ್ಮೆ ಮಿನುಗಿತು.